ಗೋಡೆ ಕೊಡಿ, ದಿನ ಕೊಡಿ

ಶಾಂತಿನಿಕೇತನದ ಕಲಾಭವನದ ಆವರಣದಲ್ಲಿ ಒಂದು ಕಪ್ಪು ಮನೆಯಿದೆ. ಅಲ್ಲಿಯವರ ಬಾಯಲ್ಲಿ ಅದು ಕಾಲೋ ಬಾಡಿ. 1930ರ ದಶಕದಲ್ಲಿ ನಂದಲಾಲ್ ಬೋಸ್ ಅವರ ಉಸ್ತುವಾರಿಯಲ್ಲಿ ಎದ್ದ ಮಣ್ಣಿನ ಮನೆ ಅದು. ಮಳೆಗೆ ಗೋಡೆ ಕರಗದಿರಲೆಂದು ಹೊರಮೈಗೆ ಡಾಂಬರು ಹಾಕಿದ್ದಾರೆ. ಆ ಗೋಡೆಗಳ ತುಂಬ ಉಬ್ಬುಶಿಲ್ಪಗಳು. ಭಾರ್ಹುತ್, ಮಹಾಬಲಿಪುರ, ಈಜಿಪ್ಟ್, ಸಿಂಧೂ ಕಣಿವೆಯ ಮುದ್ರೆಗಳು ಹೀಗೆ ಓದಿ, ನೋಡಿ ತಿಳಿದದ್ದನ್ನೆಲ್ಲ ಹುಡುಗರು ರಾಮ್‌ಕಿಂಕರ್ ಬೈಜ್ ಅವರಂಥ ಮೇಷ್ಟ್ರ ಜೊತೆ ನಿಂತು ಗೋಡೆಗೆ ಇಳಿಸಿದರು. ಅದನ್ನು ಮ್ಯೂಸಿಯಂ ಎಂದು ಕಟ್ಟಿದ್ದಲ್ಲ, ಅದು ವಿದ್ಯಾರ್ಥಿಗಳ ಹಾಸ್ಟೆಲ್. ರಾತ್ರಿ ಅಲ್ಲೇ ಮಲಗುತ್ತಿದ್ದರು, ಬಟ್ಟೆ ಅಲ್ಲೇ ಒಣಹಾಕುತ್ತಿದ್ದರು.

ಅದೇ ಆವರಣದ ಮತ್ತೊಂದು ಹಾಸ್ಟೆಲ್‌ನ ಸೂರಿನ ಒಳಮೈಗೆ 1940ರಲ್ಲಿ ಬಿನೋದ್ ಬಿಹಾರಿ ಮುಖರ್ಜಿ ಬೀರ್‌ಭೂಮ್ ಸೀಮೆಯ ಹಳ್ಳಿಯ ಬದುಕನ್ನು ಬರೆದರು. ನಡುವೆ ಒಂದು ಕೆರೆ, ಸುತ್ತ ಮರ, ಜನ, ದನಕರು. ಮಂಚದ ಮೇಲೆ ಅಂಗಾತ ಮಲಗಿದ ಹುಡುಗನಿಗೆ ಕಣ್ಣುಬಿಟ್ಟರೆ ಅದೇ ಚಿತ್ರ. ಹಿಂದಿ ಭವನದ ಗೋಡೆಗೆ ಅವರು 1946-47ರಲ್ಲಿ ಮಧ್ಯಯುಗದ ಸಂತರನ್ನು ಬರೆದಾಗ ಕೈಜೋಡಿಸಿದವರಲ್ಲಿ ಒಬ್ಬರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಕೆ.ಜಿ. ಸುಬ್ರಮಣ್ಯನ್. ಆ ಹೆಸರು ಮುಂದೆ ಮತ್ತೆ ಬರುತ್ತದೆ.

ಕಲಾ ಕಾಲೇಜುಗಳ ವಾರ್ಷಿಕ ಪ್ರದರ್ಶನದ ಬಗ್ಗೆ ಬರೆಯಲು ಕುಳಿತಾಗ ನನಗೆ ಮೊದಲು ನೆನಪಾಗುವುದು ಈ ಗೋಡೆಗಳೇ. ನಮ್ಮಲ್ಲಿ ವಿದ್ಯಾರ್ಥಿಗಳ ಕೃತಿ ತೋರಿಸುವುದೆಂದರೆ ಒಂದು ಸಮಾರಂಭ. ಅತಿಥಿ ಬರುತ್ತಾರೆ, ಟೇಪು ಕತ್ತರಿಸುತ್ತಾರೆ, ಹಾರ ಶಾಲು ಮುಗಿಯುತ್ತದೆ, ಮೂರು ದಿನಕ್ಕೆ ಎಲ್ಲ ಇಳಿಸಿ ಗೋಡೌನಿಗೆ ಹಾಕುತ್ತಾರೆ. ತೋರಿಸುವುದು ಕಲಿಕೆಯ ಕೊನೆಗೆ ಅಂಟಿಸುವ ಬಾಲವಲ್ಲ, ಅದೇ ಕಲಿಕೆಯ ಒಂದು ತರಗತಿ ಎನ್ನುವುದು ನನ್ನ ನಂಬಿಕೆ. ಆ ತರಗತಿಗೆ ಕಾಲೇಜಿನ ಆವರಣಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ನಂದಲಾಲರಿಗೂ ನಮಗೂ ಒಂದು ನಂಟಿದೆ. ಕಲ್ಕತ್ತಾದಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿಯುವಾಗ ಅವರ ಸಹಪಾಠಿಯಾಗಿದ್ದವರು ನಮ್ಮ ಮೈಸೂರಿನ ಕೆ. ವೆಂಕಟಪ್ಪ. ವೆಂಕಟಪ್ಪನವರು ಊರಿಗೆ ಮರಳಿ ಒಂಟಿಯಾಗಿ, ಕಠೋರ ಶಿಸ್ತಿನಲ್ಲಿ ಚಿತ್ರ ಬರೆದರು. ನಂದಲಾಲರು 1919ರಲ್ಲಿ ಶುರುವಾದ ಕಲಾಭವನದ ಹೊಣೆ ಹೊತ್ತು ಒಂದು ಇಡೀ ಆವರಣವನ್ನೇ ಬರೆದರು. ಇಬ್ಬರ ದಾರಿಯೂ ದೊಡ್ಡದೇ. ಕಾಲೇಜು ನಡೆಸುವವರಿಗೆ ಮಾತ್ರ ಪಾಠ ಸಿಗುವುದು ಎರಡನೆಯವರಿಂದ.

ನಂದಲಾಲರು ಹುಟ್ಟಿದ್ದು ಡಿಸೆಂಬರ್ 3ರಂದು. ಅದರ ಹಿಂದಿನ ಎರಡು ದಿನ ಕಲಾಭವನದಲ್ಲಿ ನಂದನ್ ಮೇಳ ನಡೆಯುತ್ತದೆ. ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಸೇರಿ ಮಾಡಿದ ಮುದ್ರಣ ಚಿತ್ರ, ಗ್ರೀಟಿಂಗ್ ಕಾರ್ಡು, ಕ್ಯಾಲೆಂಡರ್, ಮಣ್ಣಿನ ಪಾತ್ರೆ, ಬಟ್ಟೆ ಎಲ್ಲವೂ ಅಂಗಡಿಗಳಲ್ಲಿ ಮಾರಾಟಕ್ಕಿರುತ್ತವೆ. ಬಂದ ಹಣ ಕಷ್ಟದಲ್ಲಿರುವ ವಿದ್ಯಾರ್ಥಿಗಳ ಸಹಾಯ ನಿಧಿಗೆ. ಹೆಸರಾಂತ ಮೇಷ್ಟ್ರ ಕೈಯ ಕಾರ್ಡೂ ಮೊದಲ ವರ್ಷದ ಹುಡುಗಿಯ ಕಾರ್ಡೂ ಒಂದೇ ಮೇಜಿನ ಮೇಲೆ ಇರುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಗೌರವ ಏನಿದೆ?

ಸುಬ್ರಮಣ್ಯನ್ 1951ರಲ್ಲಿ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗಕ್ಕೆ ಮೇಷ್ಟ್ರಾಗಿ ಹೋದರು. ಅದು ಆಗಷ್ಟೇ, 1950ರಲ್ಲಿ ಹುಟ್ಟಿದ್ದ ಸಂಸ್ಥೆ. 1960ರ ದಶಕದಲ್ಲಿ ಅಲ್ಲಿ ಫೈನ್ ಆರ್ಟ್ಸ್ ಫೇರ್ ಶುರುವಾಯಿತು. ಆ ಜಾತ್ರೆಗಾಗಿ ಸುಬ್ರಮಣ್ಯನ್ ಮಾಡಿದ ಮರದ ಆಟಿಕೆಗಳನ್ನು ಇಂದು ಕಲಾ ಇತಿಹಾಸದ ಪುಸ್ತಕಗಳು ಗಂಭೀರವಾಗಿ ಚರ್ಚಿಸುತ್ತವೆ. ಬಡಗಿಯ ಬಳಿ ಉಳಿದ ತುಂಡು, ಮಣಿ, ತೊಗಲು ಇವುಗಳಿಂದ ಎದ್ದ ಹುಲಿ, ಮಂಗ, ಮನುಷ್ಯರು ಅವು. ಕಲಾವಿದನಾದವನು ಊರಿನ ಮಗುವಿಗೂ ಏನಾದರೂ ಕೊಡಬೇಕು ಎಂಬ ಯೋಚನೆ ಶಾಂತಿನಿಕೇತನದಿಂದ ಬರೋಡಾಕ್ಕೆ ಹೀಗೆ ಪಯಣಿಸಿತು. ನಮ್ಮ ಪುಷ್ಪಮಾಲಾ ಎನ್. ಶಿಲ್ಪಕಲೆ ಕಲಿತದ್ದು ಬರೋಡಾದಲ್ಲಿ. ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಶುರುಮಾಡಿ ಬರೋಡಾ, ಶಾಂತಿನಿಕೇತನ ಎರಡನ್ನೂ ಕಂಡವರು. ಆ ಆವರಣಗಳ ಗಾಳಿ ನಮ್ಮ ಕಡೆಗೂ ಬೀಸಿದೆ.

ವಿನ್ಯಾಸದ ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ ಜರ್ಮನಿಯ ಬೌಹೌಸ್ ಶಾಲೆಯನ್ನು ನೆನೆಯಲೇಬೇಕು. ಕೊಟ್ಟ ದುಡ್ಡಿಗೆ ಏನು ಮಾಡಿದ್ದೀರಿ ತೋರಿಸಿ ಎಂದು ಸರ್ಕಾರ ಒತ್ತಾಯಿಸಿದಾಗ ಆ ಶಾಲೆ 1923ರಲ್ಲಿ ವೈಮರ್ ಊರಿನಲ್ಲಿ ಪ್ರದರ್ಶನ ನಡೆಸಿತು. ಕುರ್ಚಿ, ದೀಪ, ನೆಲಹಾಸನ್ನು ಪೀಠದ ಮೇಲಿಟ್ಟು ಸುಮ್ಮನಾಗಲಿಲ್ಲ. ಒಂದು ಮನೆಯನ್ನೇ ಕಟ್ಟಿ, ಶಾಲೆಯ ಕಮ್ಮಟಗಳಲ್ಲಿ ತಯಾರಾದ ಸಾಮಾನುಗಳಿಂದ ತುಂಬಿ, ಬಾಗಿಲು ತೆರೆದಿಟ್ಟರು. ಮಕ್ಕಳ ಕೋಣೆಯ ಪೀಠೋಪಕರಣ ಅಲ್ಮಾ ಬುಷರ್ ಎಂಬ ವಿದ್ಯಾರ್ಥಿನಿಯದು. ಆಕೆ ಅದೇ ವರ್ಷ ರೂಪಿಸಿದ, ಜೋಡಿಸಿ ಹಡಗು ಕಟ್ಟುವ ಮರದ ತುಂಡುಗಳ ಆಟಿಕೆ ಈಗಲೂ ತಯಾರಾಗುತ್ತಿದೆ. ಬೇರೆ ಕೆಲವು ಕೋಣೆಗಳ ಪೀಠೋಪಕರಣ ಮಾಡಿದ ಮಾರ್ಸೆಲ್ ಬ್ರೂಯರ್ ಕೂಡ ಆಗ ವಿದ್ಯಾರ್ಥಿಯೇ. ಆ ಮನೆ ಇಂದು ಯುನೆಸ್ಕೊ ಪಟ್ಟಿಯಲ್ಲಿದೆ. ಬಳಸುವ ವಸ್ತುವನ್ನು ಬಳಕೆಯ ಜಾಗದಲ್ಲೇ ತೋರಿಸಬೇಕು ಎಂಬುದನ್ನು ನೂರು ವರ್ಷದ ಹಿಂದೆಯೇ ಅವರು ಮಾಡಿ ತೋರಿಸಿದ್ದರು.

ಈಗ ನಮ್ಮೂರಿಗೆ ಬರೋಣ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಧಾರವಾಡ, ಗದಗ, ಕಲಬುರಗಿಯ ಕಲಾಶಾಲೆಗಳು: ಇಷ್ಟು ಕಡೆ ಕಲೆ ಕಲಿಸುವ ರಾಜ್ಯ ನಮ್ಮದು. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಬರುವ ಜನರನ್ನು ನೋಡಿದರೆ ನಮ್ಮವರಿಗೆ ಕಲೆ ಬೇಡ ಎನ್ನುವ ಮಾತು ಸುಳ್ಳು. ಅಲ್ಲಿ ಫುಟ್‌ಪಾತಿನ ಮೇಲೆ ಕುಳಿತು ಮಾರುವ ಎಷ್ಟೋ ಹುಡುಗರು ಈ ಕಾಲೇಜುಗಳವರೇ. ಆದರೆ ಸಂತೆಗೆ ಬರುವುದು ಮುಗಿದ, ಫ್ರೇಮು ಹಾಕಿದ, ಮಾರಾಟವಾಗಬಲ್ಲ ಚಿತ್ರ. ಆ ಚಿತ್ರಕ್ಕೆ ತಲುಪುವ ಮುಂಚೆ ಹುಡುಗ ಏನೇನು ಕೆಡಿಸಿದ, ಯಾವುದನ್ನು ಬಿಟ್ಟ, ಯಾಕೆ ಬಿಟ್ಟ ಎನ್ನುವುದನ್ನು ತೋರಿಸಬಲ್ಲದ್ದು ಕಾಲೇಜಿನ ಸ್ಟುಡಿಯೋ ಒಂದೇ.

ಒಂದು ಕಾಲೇಜಿನ ಗ್ರಾಫಿಕ್ಸ್ ವಿಭಾಗದಲ್ಲಿ ಕಂಡದ್ದನ್ನು ಹೇಳುತ್ತೇನೆ. ಎಚಿಂಗ್ ಮುದ್ರಣಗಳ ಪಕ್ಕದಲ್ಲೇ ಅವು ಹುಟ್ಟಿದ ಸತುವಿನ ತಗಡನ್ನು ತೂಗುಹಾಕಿದ್ದರು. ತಗಡಿಗೆ ಮೇಣ, ಬಿಟುಮಿನ್ ಬೆರೆತ ಲೇಪ ಬಳಿದು, ಸೂಜಿಯಿಂದ ಗೀಚಿ, ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಮುಳುಗಿಸುತ್ತಾರೆ. ಲೇಪ ಹೋದ ಕಡೆ ಆಮ್ಲ ತಗಡನ್ನು ಕಚ್ಚುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳವಾಗುತ್ತದೆ, ಮುದ್ರಣದಲ್ಲಿ ಕಪ್ಪಾಗಿ ಬೀಳುತ್ತದೆ. ಆ ವಿದ್ಯಾರ್ಥಿನಿ ಒಂದೇ ತಗಡಿನ ಬೇರೆ ಬೇರೆ ಹಂತದ ಪ್ರೂಫುಗಳನ್ನು ಸಾಲಾಗಿ ಅಂಟಿಸಿದ್ದಳು. ಮೊದಲನೆಯದರಲ್ಲಿ ಒಂದು ಬಾವಿಕಟ್ಟೆ, ಬರಿಯ ಗೆರೆ. ಎರಡನೆಯದರಲ್ಲಿ ರಾಳದ ಪುಡಿ ಉದುರಿಸಿ ಮಾಡಿದ ಅಕ್ವಾಟಿಂಟ್‌ನಿಂದ ನೆರಳು ಬಂದಿದೆ. ಮುಂದಿನದರಲ್ಲಿ ನೆರಳು ಹೆಚ್ಚಾಗಿ ಬಾವಿಯೇ ಮುಳುಗಿಹೋಗಿದೆ. ಕೊನೆಯದರಲ್ಲಿ ಆ ಕಪ್ಪನ್ನು ಅಲ್ಲಲ್ಲಿ ಉಜ್ಜಿ ತೆಗೆದು ಕಟ್ಟೆಯ ಅಂಚಿಗೆ ಮಾತ್ರ ಬೆಳಕು ತಂದಿದ್ದಾಳೆ. ಕೆಳಗಡೆ ಪೆನ್ಸಿಲಿನಲ್ಲಿ 3/10 ಎಂದಿತ್ತು. ಹತ್ತು ಪ್ರತಿಗಳಲ್ಲಿ ಇದು ಮೂರನೆಯದು ಎಂದು ಪಕ್ಕದಲ್ಲಿದ್ದ ಅಜ್ಜಿಯೊಬ್ಬರಿಗೆ ಅವಳೇ ಬಿಡಿಸಿ ಹೇಳುತ್ತಿದ್ದಳು. ಅಜ್ಜಿ ತಗಡಿನ ಮೇಲೆ ಬೆರಳಾಡಿಸಿ ನೋಡಿದರು. ದೊಡ್ಡ ಗ್ಯಾಲರಿಯಲ್ಲಿ ಇದು ನಡೆಯುವುದಿಲ್ಲ.

ಅದೇ ದಿನ ವಿನ್ಯಾಸ ವಿಭಾಗದಲ್ಲಿ ಚನ್ನಪಟ್ಟಣದ ಕುಶಲಕರ್ಮಿಗಳ ಜೊತೆ ಕೂತು ಮಾಡಿದ ಒಂದು ಜೋಡಿಸುವ ಆಟಿಕೆ ಇತ್ತು. ಹಾಲೆ ಮರದ ತುಂಡನ್ನು ಲೇಥಿನಲ್ಲಿ ತಿರುಗಿಸಿ, ಅರಗಿನ ಕಡ್ಡಿ ಒತ್ತಿ ಬಣ್ಣ ಏರಿಸಿ, ತಾಳೆಗರಿಯಿಂದ ಹೊಳಪು ಕೊಟ್ಟದ್ದು. ಆಟಿಕೆ ಚೆನ್ನಾಗಿಯೇ ಇತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅದರ ಪಕ್ಕದ ತಟ್ಟೆ. ಕೈಬಿಟ್ಟ ಮಾದರಿಗಳೆಲ್ಲ ಅದರಲ್ಲಿದ್ದವು, ಒಂದೊಂದಕ್ಕೂ ಒಂದು ಚೀಟಿ. ಇದು ಮಗುವಿನ ಬಾಯೊಳಗೆ ಹೋಗುವಷ್ಟು ಸಣ್ಣದು. ಇದರ ಅಂಚು ಚೂಪು. ಇದನ್ನು ಲೇಥಿನಲ್ಲಿ ತಿರುವಲು ಬರುವುದಿಲ್ಲ ಎಂದು ಕೆಲಸಗಾರರು ಹೇಳಿದರು. ಈ ಮೂರನೆಯ ಚೀಟಿಯಲ್ಲಿ ಆ ಹುಡುಗ ಕಲಿತ ಪಾಠ ಪೂರ್ತಿ ಇದೆ. ಪಕ್ಕದ ಗೋಡೆಯಲ್ಲಿ ಇನ್ನೊಬ್ಬರ ಯೋಜನೆ ಒಂದು ದೊಡ್ಡ ಫ್ಲೆಕ್ಸ್ ಆಗಿತ್ತು: ಕಂಪ್ಯೂಟರಿನಲ್ಲಿ ತೆಗೆದ ನುಣುಪಾದ ಚಿತ್ರ, ಸಣ್ಣ ಅಕ್ಷರದ ಇಂಗ್ಲಿಷ್ ವಿವರಣೆ. ಕೆಲಸ ಒಳ್ಳೆಯದೇ ಇದ್ದಿರಬಹುದು. ಮುಟ್ಟಿ ನೋಡಲು ಒಂದು ರಟ್ಟಿನ ಮಾದರಿಯೂ ಇಲ್ಲದಿದ್ದರೆ ನೋಡುವವರಿಗೆ ಗೊತ್ತಾಗುವುದು ಹೇಗೆ? ಮೇಷ್ಟ್ರುಗಳು ಈ ಫ್ಲೆಕ್ಸ್ ಅಭ್ಯಾಸವನ್ನು ಬಿಡಿಸಲೇಬೇಕು.

ತೂಗುಹಾಕುವುದೂ ಒಂದು ವಿದ್ಯೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚು ಎತ್ತರಕ್ಕೆ ಬರುವಂತೆ ಹಾಕುವುದು ಗ್ಯಾಲರಿಗಳ ರೂಢಿ, ನಿಂತವರ ಕಣ್ಣಿನ ಮಟ್ಟ ಅದು. ನಮ್ಮ ಕಾಲೇಜುಗಳಲ್ಲಿ ಮೊಳೆ ಎಲ್ಲಿ ಮೊದಲೇ ಇದೆಯೋ ಅಲ್ಲಿಗೆ ಚಿತ್ರ ಹೋಗುತ್ತದೆ. ಎರಡು ಚಿತ್ರಗಳ ನಡುವೆ ಒಂದು ಗೇಣೂ ಜಾಗ ಬಿಡದೆ ನೂರು ಚಿತ್ರ ತುಂಬಿಸಿದರೆ ಒಂದೂ ಕಾಣುವುದಿಲ್ಲ. ಎಲ್ಲರದ್ದನ್ನೂ ಹಾಕಬೇಕು ಎಂಬ ಮೇಷ್ಟ್ರ ಪ್ರೀತಿ ನನಗೆ ಅರ್ಥವಾಗುತ್ತದೆ. ಹಾಗಾದರೆ ದಿನ ಹೆಚ್ಚಿಸಿ, ವಾರಕ್ಕೊಂದು ತಂಡದ್ದು ಹಾಕಿ. ಟ್ಯೂಬ್‌ಲೈಟಿನ ಕೆಳಗೆ ಗಾಜು ಹಾಕಿದ ಚಿತ್ರ ಇಟ್ಟರೆ ಜಲವರ್ಣದ ಬದಲು ನಮ್ಮ ಮುಖವೇ ಕಾಣುತ್ತದೆ, ಸ್ವಲ್ಪ ಓರೆಯಾಗಿ ಬೆಳಕು ಬೀಳಲಿ. ಹೆಸರಿನ ಚೀಟಿ ಕನ್ನಡದಲ್ಲಿರಲಿ, ಯಾವ ಬಣ್ಣ, ಯಾವ ಕಾಗದ, ಯಾವ ಮರ ಎಂದು ಬರೆದಿರಲಿ. ಮಿಕ್ಸೆಡ್ ಮೀಡಿಯಾ ಎಂದಷ್ಟೇ ಬರೆದು ಬಿಟ್ಟರೆ ನೋಡುವವರಿಗೆ ಏನೂ ಹೇಳಿದಂತಾಗುವುದಿಲ್ಲ. ಇವನ್ನೆಲ್ಲ ಜವಾನರಿಗೆ ಬಿಡದೆ ವಿದ್ಯಾರ್ಥಿಗಳೇ ಅಳತೆ ಹಿಡಿದು, ದಾರ ಕಟ್ಟಿ, ಚರ್ಚೆ ಮಾಡಿ ಮುಗಿಸಲಿ. ನಾಳೆ ಹೊರಗೆ ಹೋದಾಗ ಅನ್ನ ಕೊಡುವ ಕೆಲಸಗಳಲ್ಲಿ ಇದೂ ಒಂದು.

ಇನ್ನೊಂದು ಮಾತನ್ನು ಹೇಳದೆ ಹೋಗಲಾರೆ. 2007ರ ಮೇ ತಿಂಗಳಲ್ಲಿ ಬರೋಡಾದಲ್ಲಿ ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಇಟ್ಟಿದ್ದ ವಿದ್ಯಾರ್ಥಿಯ ಕೃತಿಗಳ ಮೇಲೆ ಹೊರಗಿನವರು ತಕರಾರು ತೆಗೆದರು. ವಿದ್ಯಾರ್ಥಿಯ ಬಂಧನವಾಯಿತು. ಅವನ ಪರ ನಿಂತ ಪ್ರಭಾರ ಡೀನ್ ಶಿವಾಜಿ ಪಣಿಕ್ಕರ್ ಅಮಾನತಾದರು. ಅಂದಿನಿಂದ ಎಷ್ಟೋ ಪ್ರಾಂಶುಪಾಲರಿಗೆ ಬಾಗಿಲು ತೆರೆಯುವುದೆಂದರೆ ಅಳುಕು. ಆ ಅಳುಕಿಗೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಬಾಗಿಲು ಮುಚ್ಚಿದ ಕಾಲೇಜಿನ ಬೆನ್ನಿಗೆ ಊರೂ ನಿಲ್ಲುವುದಿಲ್ಲ. ವರ್ಷವಿಡೀ ಬಂದು ಹೋಗಿ ಮಾಡುವ ಜನ, ಹುಡುಗರ ಜೊತೆ ಮಾತಾಡಿ ಬಲ್ಲ ಜನ ಸುತ್ತಮುತ್ತ ಇದ್ದರೆ, ಗಲಾಟೆಯ ದಿನ ಅವರಲ್ಲಿ ನಾಲ್ಕು ಜನವಾದರೂ ಗೇಟಿನ ಬಳಿ ಬಂದಾರು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಪ್ರದರ್ಶನ ಎರಡು ಭಾನುವಾರಗಳನ್ನಾದರೂ ಒಳಗೊಳ್ಳಲಿ, ಸಂಜೆ ಏಳರವರೆಗೆ ತೆರೆದಿರಲಿ. ಐದು ಗಂಟೆಗೆ ಬೀಗ ಬಿದ್ದರೆ ಕೆಲಸಕ್ಕೆ ಹೋಗುವವರು ನೋಡುವುದು ಯಾವಾಗ? ಹತ್ತಿರದ ಸರ್ಕಾರಿ ಶಾಲೆಗಳಿಗೆ ಒಂದೊಂದು ಬೆಳಗ್ಗೆ ಮೀಸಲಿಡಿ. ಪ್ರತಿ ಬ್ಯಾಚಿನ ಒಂದು ಕೃತಿಯನ್ನು ಕಾಲೇಜು ಹಣ ಕೊಟ್ಟು ಕೊಂಡು ಮೆಟ್ಟಿಲ ಗೋಡೆಗೋ ಲೈಬ್ರರಿಗೋ ಹಾಕಲಿ, ಹೆಸರು, ವರ್ಷ ಬರೆಯಲಿ. ಹತ್ತು ವರ್ಷಕ್ಕೆ ಅದೇ ಒಂದು ಸಂಗ್ರಹವಾಗುತ್ತದೆ. ಒಂದು ಗೋಡೆಯನ್ನು ಪೂರ್ತಿ ವಿದ್ಯಾರ್ಥಿಗಳಿಗೇ ಬಿಟ್ಟುಕೊಡಿ, ಅದರ ಮೇಲೆ ಏನು ಬರಬೇಕು, ಯಾವಾಗ ಸುಣ್ಣ ಹೊಡೆದು ಮತ್ತೆ ಶುರುಮಾಡಬೇಕು ಎನ್ನುವುದನ್ನು ಅವರೇ ತೀರ್ಮಾನಿಸಲಿ.

ಓದುಗರಿಗೂ ಒಂದು ಮಾತು. ನಿಮ್ಮೂರಿನ ಕಲಾ ಕಾಲೇಜಿನ ಪ್ರದರ್ಶನಕ್ಕೆ ಉದ್ಘಾಟನೆಯ ದಿನ ಹೋಗಬೇಡಿ, ಮರುದಿನ ಮಧ್ಯಾಹ್ನ ಹೋಗಿ. ಆಗ ಹುಡುಗರು ತಮ್ಮ ಕೆಲಸದ ಪಕ್ಕದಲ್ಲೇ ಬಿಡುವಾಗಿ ಕುಳಿತಿರುತ್ತಾರೆ. ಚೆನ್ನಾಗಿದೆ ಎಂದು ಹೇಳಿ ಮುಂದೆ ಹೋಗಬೇಡಿ, ಇದರಲ್ಲಿ ಯಾವ ಭಾಗ ಕಷ್ಟವಾಯಿತು ಎಂದು ಕೇಳಿ. ಇಷ್ಟವಾದರೆ ಒಂದು ಮುದ್ರಣ ಚಿತ್ರ ಕೊಳ್ಳಿ, ಹಲವು ಪ್ರತಿ ಇರುವುದರಿಂದ ಬೆಲೆ ಕೈಗೆಟುಕುತ್ತದೆ. ಹೇಳಿದ ಬೆಲೆಯಲ್ಲಿ ಚೌಕಾಸಿ ಮಾಡಬೇಡಿ. ಮನೆಗೆ ತಂದಮೇಲೆ ಅಂಚು ಕತ್ತರಿಸದೆ, ಕಾಗದ ಗಾಜಿಗೆ ತಾಗದಂತೆ ಮೌಂಟ್ ಹಾಕಿಸಿ, ಬಿಸಿಲು ಬೀಳದ ಗೋಡೆಯಲ್ಲಿ ತೂಗುಹಾಕಿ.