ಮುದ್ದಣನ ಕಾವ್ಯಪ್ರಯೋಜನ

ಕವಿಯು ಏತಕ್ಕಾಗಿ ಬರೆಯುತ್ತಾನೆಂಬ ಪ್ರಶ್ನೆಗೆ ನಮ್ಮ ಆಲಂಕಾರಿಕರು ಉತ್ತರವನ್ನು ಸಿದ್ಧವಾಗಿಯೇ ಇಟ್ಟಿದ್ದಾರೆ. ಕಾವ್ಯಪ್ರಕಾಶದಲ್ಲಿ ಮಮ್ಮಟನು ಕೀರ್ತಿಯನ್ನು ಮೊದಲು ಹೇಳಿ, ಅನಂತರ ಧನ, ಲೋಕವ್ಯವಹಾರಜ್ಞಾನ, ಅಮಂಗಳನಿವಾರಣೆ, ಒಡನೆಯೇ ಉಂಟಾಗುವ ಪರಮಾನಂದ, ಕಾಂತೆಯ ನುಡಿಯಂತಹ ಉಪದೇಶ ಎಂದು ಒಟ್ಟು 6 ಪ್ರಯೋಜನಗಳನ್ನು ಎಣಿಸುತ್ತಾನೆ. ಆದರೆ ಇವು ಕಾವ್ಯದಿಂದ ದೊರೆಯುವ ಫಲಗಳು. ಫಲವು ದೊರೆತಮಾತ್ರಕ್ಕೆ ಅದೇ ಕವಿಯ ಉದ್ದೇಶವಾಗಿತ್ತೆನ್ನಲಾಗದು. ಹಣ್ಣಿಗಾಗಿ ನೆಟ್ಟ ಮಾವು ನೆರಳನ್ನೂ ಕೊಡುವುದಿಲ್ಲವೆ?

ಕೀರ್ತಿಯ ಮಾತನ್ನು ತೊಡಕಿಗೆ ಸಿಲುಕಿಸಿದವನು ಮುದ್ದಣ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದ ಲಕ್ಷ್ಮೀನಾರಣಪ್ಪನು ಶ್ರೀರಾಮಾಶ್ವಮೇಧವನ್ನು ತಾನೇ ಬರೆದು, ಹಳೆಯ ಕವಿಯೊಬ್ಬನ ಗ್ರಂಥವೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳುಹಿಸಿದನು. 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಕಾಳಿದಾಸನು, ಭಾಸಾದಿಗಳ ಹೆಸರಿನ ಎದುರು ಹೊಸ ಕವಿಯ ಪರವಾಗಿ ಸೂತ್ರಧಾರನಿಂದ ವಾದಮಾಡಿಸಿದನು. ಮುದ್ದಣನು ವಾದಕ್ಕೆ ನಿಲ್ಲದೆ ಹಳಬನ ವೇಷವನ್ನೇ ತೊಟ್ಟನು. ಇದನ್ನು ವಿನಯವೆಂದು ಕೊಂಡಾಡುವುದು ಸುಲಭ. ಆದರೆ ಹೆಸರನ್ನು ಬಿಟ್ಟವನು ಮನ್ನಣೆಯನ್ನೂ ಬಿಟ್ಟನೆನ್ನಲು ಆಧಾರವೇನು? ಹಳೆಯದೆಂದರೆ ಕೈಮುಗಿಯುವ ಪಂಡಿತಮಂಡಲಿಯಲ್ಲಿ ತನ್ನ ಕೃತಿಗೊಂದು ಆಸನ ದೊರೆಯಲೆಂಬ ಆಸೆಯೂ ಇದ್ದಿರಬಹುದು. ಅದರಲ್ಲಿ ದೋಷವೂ ಇಲ್ಲ.

ಹಾಗಾದರೆ ವಾಚಕನು ಕವಿಯ ಉದ್ದೇಶವನ್ನು ಅರಿಯುವ ಬಗೆ ಹೇಗೆ? ಕವಿಯ ಮನೆಯ ಸುದ್ದಿಯನ್ನು ಕೆದಕುವುದಕ್ಕಿಂತ ಮೂಲಕಥೆಯನ್ನು ಮಗ್ಗುಲಲ್ಲಿಟ್ಟುಕೊಂಡು ಓದುವುದು ಮೇಲು. ರಾಮನ ಯಜ್ಞಾಶ್ವ, ಅದರ ಹಿಂದೆ ಶತ್ರುಘ್ನನ ಸೇನೆ, ಕುಶಲವರ ಕಾಳಗ ಇವೆಲ್ಲವೂ ಪದ್ಮಪುರಾಣದಲ್ಲಿವೆ. ಅಲ್ಲಿ ಇಲ್ಲದವಳು ಮನೋರಮೆ. ಮಳೆಗಾಲದಲ್ಲಿ ಹೊತ್ತು ಕಳೆಯಲು ಗಂಡನಿಂದ ಕಥೆ ಹೇಳಿಸಿಕೊಳ್ಳುವ ಈ ಗೃಹಿಣಿ ಸುಮ್ಮನೆ ಕೇಳಿಕೊಂಡಿರುವವಳಲ್ಲ. ಪದ್ಯವನ್ನು ಒಲ್ಲಳು, ಸಂಸ್ಕೃತದ ಬಿಗಿ ಹೆಚ್ಚಿದರೆ ತಡೆದು ಹಾಸ್ಯಮಾಡುತ್ತಾಳೆ, ಕವಿಯು ದಾರಿಗೆ ಬರುತ್ತಾನೆ. ಬಹುಮಾನದ ಮಾತು ಸಹ ಸರಸದಲ್ಲಿಯೇ ಮುಗಿಯುತ್ತದೆ. ನಾಗವರ್ಮನೂ ಛಂದೋಂಬುಧಿಯನ್ನು ಹೆಂಡತಿಗೆ ಹೇಳಿದನು, ನಿಜ. ಆದರೆ ಆಕೆಗೆ ಕೇಳುವ ಕೆಲಸವೇ ಹೊರತು ಎದುರಾಡುವ ಅವಕಾಶವಿಲ್ಲ. ಕಾವ್ಯವು ಕಾಂತೆಯಂತೆ ಉಪದೇಶಿಸಬೇಕೆಂದನು ಮಮ್ಮಟ. ಇಲ್ಲಿಯಾದರೋ ಕಾಂತೆಯೇ ಕವಿಗೆ ಉಪದೇಶಿಸುತ್ತಾಳೆ, ಅದೂ ಕಾವ್ಯವನ್ನು ಹೇಳತಕ್ಕ ರೀತಿಯನ್ನು!

ಕಾಳಗದ ವರ್ಣನೆಗಳಲ್ಲಿ ಮುದ್ದಣನು ಪೂರ್ವಕವಿಗಳ ಋಣವನ್ನು ತೀರಿಸುತ್ತಾನೆ. ಅಲ್ಲಿ ಅವನಷ್ಟು ಸಮರ್ಥರು ಬೇರೆಯವರೂ ಇದ್ದಾರೆ. ದಂಪತಿಗಳ ಸಂವಾದಕ್ಕೆ ಮರಳಿದೊಡನೆ ಮಾತು ಹಗುರಾಗುತ್ತದೆ, ಬರೆಯುವವನ ಸುಖವು ಓದುವವನಿಗೂ ತಾಗುತ್ತದೆ. ಹಳೆಯ ಕವಿಯ ವೇಷ ಜಾರುವುದೂ ಆ ಸ್ಥಳದಲ್ಲಿಯೇ. ಮನೋರಮೆಯ ಬಾಯಲ್ಲಿ ಹಳಗನ್ನಡವಿದ್ದರೂ ಅವಳ ಮನಸ್ಸು ಹೊಸ ಕಾಲದ್ದು. ವೇಷದ ರಕ್ಷಣೆಯೇ ಕವಿಗೆ ಮುಖ್ಯವಾಗಿದ್ದ ಪಕ್ಷದಲ್ಲಿ ಆ ಪುಟಗಳನ್ನು ತೆಗೆದುಹಾಕಿದ್ದರೆ ಸಾಕಾಗಿತ್ತು, ಕಥೆಗೆ ಯಾವ ಕುಂದೂ ಬರುತ್ತಿರಲಿಲ್ಲ. ಅವನು ತೆಗೆಯಲಿಲ್ಲ.