ಕೋಲಾ ಹೋಯಿತು, ಸಕ್ಕರೆ ಉಳಿಯಿತು

ಆಫೀಸಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಕೋಲಾ ತೆಗೆದು ಆ ಜಾಗದಲ್ಲಿ ಹಣ್ಣಿನ ಜ್ಯೂಸ್ ಇಡುವುದು ಎಚ್‌ಆರ್ ವಿಭಾಗಗಳಿಗೆ ಬಲು ಪ್ರಿಯವಾದ ಸುಧಾರಣೆ. ಖರ್ಚು ಅಷ್ಟೇನೂ ಏರುವುದಿಲ್ಲ, ಯಾರೂ ಗೊಣಗುವುದಿಲ್ಲ, ಫ್ರಿಜ್ಜಿನ ಮೇಲೊಂದು ಹಸಿರು ಪೋಸ್ಟರ್ ಅಂಟಿಸಿದರೆ ನೌಕರರ ಆರೋಗ್ಯ ಕಾಪಾಡಿದ ಹಾಗಾಯಿತು. ನನ್ನ ತಕರಾರು ಇಷ್ಟೇ: ಇದರಲ್ಲಿ ಬದಲಾಗುವುದು ಬಣ್ಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಹಣ್ಣಿನ ಸೀಮೆಯಲ್ಲಿ, ಬಿಡದಿ ಮತ್ತು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳ ಕ್ಯಾಂಟೀನುಗಳಲ್ಲಿ ಇದು ನಡೆದರೆ ವ್ಯಂಗ್ಯ ಇನ್ನೂ ಚುಚ್ಚುತ್ತದೆ. 2025ರಲ್ಲಿ ಈ ರಾಮನಗರ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂದು ಹೊಸ ಬೋರ್ಡು ಬಂತು. ಬೋರ್ಡು ಬದಲಾದ ಮಾತ್ರಕ್ಕೆ ಒಳಗಿನದು ಬದಲಾಗುವುದಿಲ್ಲ ಎಂಬುದನ್ನು ಇಲ್ಲಿಯವರಿಗೆ ಬೇರೆ ಹೇಳಬೇಕಿಲ್ಲ.

ಲೆಕ್ಕ ನೋಡೋಣ. ಕಾಲು ಲೀಟರ್ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಐದಾರು ಟೀ ಚಮಚ. ಮಾವಿನ ಪಾನೀಯದ ಪೊಟ್ಟಣ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಅಂಕಿ ಅದರ ಆಸುಪಾಸಿನಲ್ಲೇ ನಿಲ್ಲುತ್ತದೆ, ಕೆಲವು ಸಲ ಮೇಲಕ್ಕೂ ಹೋಗುತ್ತದೆ. ಸಕ್ಕರೆ ಬೆರೆಸದ ಅಪ್ಪಟ ಹಣ್ಣಿನ ರಸವಾದರೆ ಪರವಾಗಿಲ್ಲವೇ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಜ್ಯೂಸಿನೊಳಗಿನ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಪಟ್ಟಿಗೇ ಸೇರಿಸಿದೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ಅದು. ಒಂದು ದೊಡ್ಡ ಲೋಟ ಜ್ಯೂಸಿಗೇ ಆ ಮಿತಿ ಮುಗಿದುಹೋಗುತ್ತದೆ. ಹಣ್ಣನ್ನು ಹಿಂಡಿದಾಗ ನಾರು ಚರಟದ ಜೊತೆ ಹೋಗುತ್ತದೆ, ಸಕ್ಕರೆ ರಸದ ಜೊತೆ ಬರುತ್ತದೆ. ಮೂರು ಕಿತ್ತಳೆಯನ್ನು ಕೂತು ಸುಲಿದು ತಿನ್ನುವುದಕ್ಕೆ ಹೊತ್ತು ಬೇಕು, ಅದರ ರಸ ಎರಡು ಗುಟುಕಿಗೆ ಮುಗಿಯುತ್ತದೆ.

ಜ್ಯೂಸಿನ ಪರವಾಗಿ ಒಂದು ಮಾತು ಹೇಳಲೇಬೇಕು. ಅದರಲ್ಲಿ ಕೆಫೀನ್ ಇಲ್ಲ, ನಿಜವಾದ ರಸವಾಗಿದ್ದರೆ ಸಿ ವಿಟಮಿನ್ ಇದೆ, ಪೊಟ್ಯಾಸಿಯಂ ಇದೆ. ಆದರೆ 'ನಿಜವಾದ' ಎಂಬಲ್ಲೇ ತೊಡಕು. ಸಾರೀಕೃತ ರಸಕ್ಕೆ ನೀರು ಬೆರೆಸಿ 'ಶೇ 100 ಹಣ್ಣಿನ ರಸ' ಎಂದು ಮಾರುತ್ತಿದ್ದ ಕಂಪನಿಗಳಿಗೆ ಆ ಮಾತನ್ನು ಪೊಟ್ಟಣದಿಂದ ತೆಗೆಯಿರಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೇಳಬೇಕಾಯಿತು. ಇನ್ನು ಹಣ್ಣಿನ ಪಾನೀಯ ಎಂದು ಕರೆಸಿಕೊಳ್ಳಲು ಕಾನೂನಿನ ಪ್ರಕಾರ ಶೇ 10ರಷ್ಟು ಹಣ್ಣಿದ್ದರೂ ನಡೆಯುತ್ತದೆ.

ಆ ಹತ್ತು ಪಾಲು ಎಲ್ಲಿಂದ ಬರುತ್ತದೆ? ರಾಮನಗರದ ಮಾವು ರಾಜ್ಯದಲ್ಲೇ ಮೊದಲು ಮಾರುಕಟ್ಟೆಗೆ ಬರುವ ಮಾವು. ಬಾದಾಮಿ, ಸೇಂದೂರ, ರಸಪುರಿ, ಮಲ್ಲಿಕಾ ತಿನ್ನುವ ಹಣ್ಣುಗಳು. ತೋತಾಪುರಿ ಪಲ್ಪ್ ಕಾರ್ಖಾನೆಯ ಹಣ್ಣು. ಆ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಗಡಿಯಾಚೆ, ಚಿತ್ತೂರು ಮತ್ತು ಕೃಷ್ಣಗಿರಿ ಕಡೆ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಕುಸಿದಾಗ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ಕಾಯಿ ಒಳಗೆ ಬರದಂತೆ ತಡೆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರಕ್ಕೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ಬೆಲೆಯ ಲೆಕ್ಕದಲ್ಲಿ ಎರಡೂವರೆ ಲಕ್ಷ ಟನ್ನಿಗೆ ನೆರವು ಕೊಡಲು ಒಪ್ಪಿತು. ಕಿಲೋಗೆ ಹದಿನಾರು ರೂಪಾಯಿ. ಅದೇ ಹಣ್ಣಿನ ಚೂರು ಪಲ್ಪಾಗಿ, ಸಕ್ಕರೆ ನೀರಿನಲ್ಲಿ ಕದಡಿ, ಪೊಟ್ಟಣ ಹೊಕ್ಕು, ಹೆದ್ದಾರಿ ಹಿಡಿದು ಬಿಡದಿಯ ಕ್ಯಾಂಟೀನಿಗೆ 'ಆರೋಗ್ಯಕರ ಆಯ್ಕೆ'ಯಾಗಿ ವಾಪಸು ಬರುತ್ತದೆ. ಕೋಲಾ ಕೂಡ ದೂರದ್ದೇನಲ್ಲ ಬಿಡಿ, ಅದನ್ನು ತುಂಬುವ ಘಟಕ ಬಿಡದಿಯಲ್ಲೇ ಇದೆ.

ಖರೀದಿ ವಿಭಾಗದವರು ಪೊಟ್ಟಣವನ್ನೇ ಯಾಕೆ ಆರಿಸುತ್ತಾರೆ ಎಂಬುದು ನನಗೆ ಅರ್ಥವಾಗುತ್ತದೆ. ಆರು ತಿಂಗಳು ಕೆಡುವುದಿಲ್ಲ, ಎಣಿಸಿ ಇಡಬಹುದು, ಬಿಲ್ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ತೆರಿಗೆಯೂ ಅವರಿಗೆ ಬೆನ್ನು ತಟ್ಟುತ್ತಿದೆ: ಗ್ಯಾಸ್ ತುಂಬಿದ ಸಿಹಿ ಪಾನೀಯಕ್ಕೆ ಶೇ 40, ಹಣ್ಣಿನ ರಸದ ಪಾನೀಯಕ್ಕೆ ಶೇ 5. ಸಕ್ಕರೆಯನ್ನು ಬಿಟ್ಟು ಗುಳ್ಳೆಗೆ ತೆರಿಗೆ ಹಾಕುವ ಈ ಜಾಣ್ಮೆಯ ಬಗ್ಗೆ ಬೇರೆಯೇ ಲೇಖನ ಬರೆಯಬಹುದು.

ಹಾಗಾದರೆ ಫ್ರಿಜ್ಜಿಗೆ ಕೈಹಾಕುವುದೇ ದಂಡವೇ? ಅಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2015ರಲ್ಲಿ ತನ್ನ ಆವರಣದಲ್ಲಿ ಸಕ್ಕರೆ ಪಾನೀಯಗಳ ಮಾರಾಟ ನಿಲ್ಲಿಸಿತು. ಅವನ್ನು ವಿಪರೀತ ಕುಡಿಯುತ್ತಿದ್ದ 214 ನೌಕರರನ್ನು ಹತ್ತು ತಿಂಗಳು ಗಮನಿಸಿದಾಗ ಅವರ ಕುಡಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ಸೊಂಟದ ಸುತ್ತಳತೆ ಸರಾಸರಿ ಎರಡು ಸೆಂಟಿಮೀಟರ್ ತಗ್ಗಿತ್ತು. ಮನೆಯಿಂದ ತಂದು ಕುಡಿಯಲು ಯಾರೂ ಅಡ್ಡಿ ಮಾಡಿರಲಿಲ್ಲ. ಕೈಗೆ ಸುಲಭವಾಗಿ ಸಿಗದಿದ್ದರೆ ಮನುಷ್ಯ ಅರ್ಧ ಮರೆತೇಬಿಡುತ್ತಾನೆ. ನಮ್ಮ ಆಫೀಸುಗಳು ಮಾಡುತ್ತಿರುವುದು ಇದರ ತದ್ವಿರುದ್ಧ. ಸಿಹಿ ಕೈಗೆ ಸಿಗುತ್ತಲೇ ಇರುತ್ತದೆ, ಪುಕ್ಕಟೆಯಾಗಿಯೇ ಇರುತ್ತದೆ, ಜೊತೆಗೆ ಒಳ್ಳೆಯದು ಎಂಬ ಸರ್ಟಿಫಿಕೇಟೂ ಸಿಗುತ್ತದೆ. ಕೋಲಾ ಒಂದಕ್ಕೆ ನಿಲ್ಲಿಸುತ್ತಿದ್ದವರು ಜ್ಯೂಸಾದರೆ ಎರಡಕ್ಕೆ ಕೈಚಾಚುವುದು ಸಹಜ.

ಪುಕ್ಕಟೆ ಪಾನೀಯ ನಮಗೇನೂ ಹೊಸದಲ್ಲ. ಬೇಸಿಗೆಯ ಜಾತ್ರೆ, ತೇರುಗಳಲ್ಲಿ ಅರವಟಿಗೆ ಹಾಕಿ ನೀರು ಮಜ್ಜಿಗೆ, ಪಾನಕ ಹಂಚುವ ರೂಢಿ ಈ ಸೀಮೆಯಲ್ಲಿ ಇವತ್ತಿಗೂ ಇದೆ; ರಾಮನವಮಿಗೆ ಪಾನಕ, ಕೋಸಂಬರಿ ಇಲ್ಲದ ಬೀದಿ ಕಡಿಮೆ. ಪಾನಕದಲ್ಲೂ ಬೆಲ್ಲವಿದೆ, ಬೆಲ್ಲವೂ ಸಕ್ಕರೆಯೇ, ಅದನ್ನು ಮುಚ್ಚಿಡುವುದು ಬೇಡ. ಆದರೆ ಅದು ಹಬ್ಬಕ್ಕೊಂದು ಲೋಟ. ಬಿಸಿಲಲ್ಲಿ ನಡೆದು ಬಂದವನ ದಾಹ ನೋಡಿ ಕೊಟ್ಟದ್ದು. ಎ.ಸಿ. ಕೋಣೆಯಲ್ಲಿ ಕೂತವನಿಗೆ ಮೂರು ಗಂಟೆಗೆ ಬರುವುದು ಹೆಚ್ಚಾಗಿ ಬೇಸರ, ದಾಹವಲ್ಲ. ಶಾಪ್ ಫ್ಲೋರಿನಲ್ಲಿ ಬೆವರುವ ಕಾರ್ಮಿಕನ ವಿಷಯ ಬೇರೆ, ಅವನಿಗೆ ನೀರು ಬೇಕು, ಒಂದಿಷ್ಟು ಉಪ್ಪೂ ಬೇಕು. ಇಬ್ಬರಿಗೂ ಒಂದೇ ಪೊಟ್ಟಣ ಹಂಚುವುದನ್ನು ಆರೋಗ್ಯ ಯೋಜನೆ ಎಂದು ಕರೆಯಲಾರೆ.

ಮಜ್ಜಿಗೆಯೇ ನನ್ನ ಮೊದಲ ಆಯ್ಕೆ. ಕನಕಪುರ ತಾಲ್ಲೂಕಿನ ಶಿವನಹಳ್ಳಿಯಲ್ಲಿ ಬಮೂಲ್ ಡೇರಿಯೇ ಇದೆ, ನಂದಿನಿ ಮಜ್ಜಿಗೆ ಪೊಟ್ಟಣದಲ್ಲೂ ಬರುತ್ತದೆ, ಬಿಲ್ ಬೇಕೆನ್ನುವವರಿಗೆ ಬಿಲ್ಲೂ ಸಿಗುತ್ತದೆ. ಬಿಪಿ ಇರುವವರು ಉಪ್ಪಿನ ಮೇಲೆ ಕಣ್ಣಿಡಬೇಕು, ಅಷ್ಟೆ. ಎಳನೀರಿನಲ್ಲಿ ಸಕ್ಕರೆ ಕೋಲಾದ ಅರ್ಧಕ್ಕಿಂತ ಕಡಿಮೆ, ಚನ್ನಪಟ್ಟಣದ ತೋಟಗಳಲ್ಲಿ, ಪಕ್ಕದ ಮದ್ದೂರಿನ ಮಾರುಕಟ್ಟೆಯಲ್ಲಿ ಬೇಕಾದಷ್ಟು ಇದೆ. ಆದರೆ ಕೊಚ್ಚುವವರು ಯಾರು, ಬುರುಡೆ ಎಲ್ಲಿ ಹಾಕುವುದು ಎಂದು ಕ್ಯಾಂಟೀನಿನವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ.

ಹಣ್ಣಿನ ವಿಷಯದಲ್ಲಿ ಮಾತ್ರ ಅಂಥ ನೆಪ ಒಪ್ಪಲಾರೆ. ದಿನಾ ನೂರಾರು ಜನಕ್ಕೆ ಸೌತೆಕಾಯಿ, ಈರುಳ್ಳಿ ಹೆಚ್ಚುವ ಅಡುಗೆಮನೆಗೆ ಮಾವು ಹೆಚ್ಚುವುದು ಭಾರವೇ? ಏಪ್ರಿಲ್‌ನಿಂದ ಜೂನ್‌ವರೆಗೆ ಬಾದಾಮಿ, ಮಲ್ಲಿಕಾ, ಉಳಿದ ತಿಂಗಳು ಸೀಬೆ, ಪರಂಗಿ, ಬಾಳೆ. ಕ್ಯಾಂಟೀನ್ ಗುತ್ತಿಗೆಯ ಕರಾರಿನಲ್ಲಿ ಜ್ಯೂಸ್ ಎಂಬ ಸಾಲು ಹೊಡೆದು ಇಷ್ಟನ್ನು ಬರೆಯುವುದಕ್ಕೆ ಯಾವ ಸಮಿತಿಯೂ ಬೇಕಿಲ್ಲ. ಬರೆಯುವಾಗ ಇನ್ನೊಂದು ಷರತ್ತು ಸೇರಿಸಲಿ: ಕಾರ್ಬೈಡ್ ಹಾಕಿ ಮಾಗಿಸಿದ ಹಣ್ಣು ಬೇಡ. ಅದನ್ನು ಕಾನೂನು ಎಂದೋ ನಿಷೇಧಿಸಿದೆ, ಆದರೂ ಸೀಸನ್ನಿನ ಮೊದಲ ವಾರಗಳಲ್ಲಿ, ಬೆಲೆ ಏರಿದ್ದಾಗ, ಮಂಡಿಯಲ್ಲಿ ಕೇಳಿ ಕೊಳ್ಳುವುದೇ ಲೇಸು.