ತ್ಯಾಗದ ಬೆಲೆ ತೆತ್ತವರು ಯಾರು?

ಜೊನಾಥನ್ ಫ್ರಾನ್ಜನ್ ಅವರ ಕಾದಂಬರಿ ‘ದಿ ಕರೆಕ್ಷನ್ಸ್’ 2001ರ ಸೆಪ್ಟೆಂಬರಿನಲ್ಲಿ ಹೊರಬಂದು, ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಸೇಂಟ್ ಜೂಡ್ ಎಂಬ ಕಲ್ಪಿತ ಊರಿನ ಈನಿಡ್ ಲ್ಯಾಂಬರ್ಟಳಿಗೆ ಒಂದೇ ಆಸೆ: ಮೂವರು ಮಕ್ಕಳೂ ಬಂದು ತಮ್ಮ ಮನೆಯಲ್ಲಿ ಕೊನೆಯದೊಂದು ಕ್ರಿಸ್‌ಮಸ್ ಆಚರಿಸಬೇಕು. ಗಂಡ ಆಲ್ಫ್ರೆಡ್, ನಿವೃತ್ತ ರೈಲ್ವೆ ಎಂಜಿನಿಯರ್, ಪಾರ್ಕಿನ್ಸನ್ ಕಾಯಿಲೆಯಿಂದ ಕುಸಿಯುತ್ತಿದ್ದಾನೆ. ಬ್ಯಾಂಕಿನಲ್ಲಿರುವ ಮಗ ಗ್ಯಾರಿ ಹೆಂಡತಿಗೂ ತಾಯಿಗೂ ನಡುವೆ ನಲುಗುತ್ತಾನೆ. ಇನ್ನೊಬ್ಬ ಮಗ ಚಿಪ್ ಮತ್ತು ಮಗಳು ಡೆನಿಸ್ ತಮ್ಮ ಪ್ರಣಯಗಳಿಂದಲೇ ಕೆಲಸ ಕಳೆದುಕೊಳ್ಳುತ್ತಾರೆ.

ಈ ಅಸ್ತವ್ಯಸ್ತತೆಯ ಬೇರನ್ನು ಕಾದಂಬರಿ ಹುಡುಕುವುದು ಹಳೆಯದೊಂದು ರಾತ್ರಿಯೂಟದಲ್ಲಿ. ಗಂಡನ ಮೇಲಿನ ಸಿಟ್ಟಿಗೆ ಈನಿಡ್ ಯಾರಿಗೂ ರುಚಿಸದ ಲಿವರ್ ಬೇಯಿಸುತ್ತಾಳೆ. ತಟ್ಟೆ ಖಾಲಿಯಾಗದೆ ಏಳಬಾರದೆಂಬ ಅಪ್ಪನ ನಿಯಮಕ್ಕೆ ಕಟ್ಟುಬಿದ್ದು ಪುಟ್ಟ ಚಿಪ್ ಗಂಟೆಗಟ್ಟಲೆ ಮೇಜಿನ ಮುಂದೆ ಕೂರುತ್ತಾನೆ. ದೊಡ್ಡವರು ಬಾಯಿಬಿಟ್ಟು ಆಡದ ಜಗಳ ಮಗುವಿನ ತಟ್ಟೆಗೆ ಬಂದು ಬೀಳುವ ಬಗೆಯನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಬರಹ ನಾನು ಓದಿದ್ದರಲ್ಲಿ ವಿರಳ.

ಆದರೆ ಆಲ್ಫ್ರೆಡ್ ಬರೀ ಕಠೋರನಲ್ಲ. ಡೆನಿಸ್ ಹರೆಯದಲ್ಲಿ ಅವನದೇ ಕಚೇರಿಯ ನೌಕರನೊಬ್ಬನ ಜೊತೆ ಸಂಬಂಧ ಬೆಳೆಸಿದ್ದಳು. ಆ ಗುಟ್ಟನ್ನು ಹಿಡಿದು ಆ ನೌಕರ ಒತ್ತಡ ತಂದಾಗ ಆಲ್ಫ್ರೆಡ್ ಪೂರ್ಣ ಪಿಂಚಣಿ ಸಿಗುವ ಮುನ್ನವೇ ನಿವೃತ್ತನಾಗಿ ಮಗಳ ಮಾನ ಕಾಯುತ್ತಾನೆ. ಕಾರಣವನ್ನು ಯಾರಿಗೂ ಹೇಳುವುದಿಲ್ಲ. ಮಗಳಿಗೆ ಅದು ತಿಳಿಯುವಾಗ ತಂದೆಯ ಬುದ್ಧಿಯೇ ಕೈಕೊಡುತ್ತಿರುತ್ತದೆ. ಇದು ಕಾದಂಬರಿಯ ಅತಿ ಆರ್ದ್ರ ಭಾಗ. ಆದರೂ ಆ ತ್ಯಾಗದ ಬೆಲೆ ತೆತ್ತವಳು ಈನಿಡ್. ಕಾರಣ ತಿಳಿಯದೆಯೇ ಅವಳು ಕಡಿಮೆ ಪಿಂಚಣಿಯಲ್ಲಿ ಮುಪ್ಪನ್ನು ತೂಗಿಸಬೇಕಾಯಿತು. ಒಬ್ಬರೇ ಗುಟ್ಟಾಗಿ ತೀರ್ಮಾನಿಸಿದ ಕರ್ತವ್ಯದಲ್ಲಿ ಪ್ರೀತಿಯೂ ಇರುತ್ತದೆ, ದಬ್ಬಾಳಿಕೆಯೂ ಇರುತ್ತದೆ.

ಕೊರತೆಗಳಿಲ್ಲವೆಂದಲ್ಲ. ಕೆಲಸ ಕಳೆದುಕೊಂಡ ಚಿಪ್ ಲಿಥುವೇನಿಯಾಕ್ಕೆ ಹೋಗಿ ನಡೆಸುವ ಸಾಹಸ ವಿಡಂಬನೆಯ ಭರದಲ್ಲಿ ಮನೆಯ ಕಥೆಯಿಂದ ದೂರ ಸರಿಯುತ್ತದೆ. ಅಲ್ಲಿಂದ ಮರಳಿದವನು ತಂದೆಯ ಆರೈಕೆಗೆ ನಿಲ್ಲುವ ಮಾರ್ಪಾಡೂ ಅವಸರದ್ದೇ. ಈನಿಡಳ ಅಂತಸ್ತಿನ ಹಂಬಲವನ್ನು ಕೆದಕುವಷ್ಟು ಉತ್ಸಾಹದಿಂದ ಅವಳ ದಿನನಿತ್ಯದ ದುಡಿಮೆಯನ್ನು ಲೇಖಕರು ಗಮನಿಸುವುದಿಲ್ಲ.

ಆದರೆ ಕೊನೆಯಲ್ಲಿ ಕಾದಂಬರಿ ಅವಳಿಗೆ ನ್ಯಾಯ ಸಲ್ಲಿಸುತ್ತದೆ. ಆರೈಕೆ ಕೇಂದ್ರದಲ್ಲಿರುವ ಗಂಡನನ್ನು ತಪ್ಪದೆ ನೋಡಲು ಹೋಗುವ ಈನಿಡ್, ಅವನು ಮಾಡಿದ ತಪ್ಪುಗಳನ್ನು ಅವನಿಗೇ ಎಣಿಸಿ ಹೇಳುತ್ತಾಳೆ. ಅವನು ತೀರಿಕೊಂಡ ಮೇಲೆ, ಎಪ್ಪತ್ತೈದರ ವಯಸ್ಸಿನಲ್ಲಿ, ಬದುಕನ್ನು ಬದಲಿಸಿಕೊಳ್ಳಲು ಹೊರಡುತ್ತಾಳೆ. ಸೇವೆಯನ್ನೂ ಸಿಟ್ಟನ್ನೂ ಒಂದೇ ಹೆಂಗಸಿನಲ್ಲಿ ನಿಜವೆಂದು ಒಪ್ಪುವ ಈ ಪ್ರಾಮಾಣಿಕತೆಗಾಗಿಯೇ ‘ದಿ ಕರೆಕ್ಷನ್ಸ್’ ಓದಬೇಕಾದ ಕೃತಿ.